ರಾತ್ರಿಯ ಹೋಮ್ ನರ್ಸ್ ಕೆಲಸ ಬಿಡುವುದಾ?

ಪ್ರಶ್ನೆ (ಕಂಕನಾಡಿ):
ಹಗಲು ಆಸ್ಪತ್ರೆಯಲ್ಲಿ ವಾರ್ಡ್ ಡ್ಯೂಟಿ, ರಾತ್ರಿ ಒಂದು ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯ ಆರೈಕೆ. ನಿದ್ದೆ ಇಲ್ಲ, ಸೊಂಟನೋವು ಬೇರೆ. ಸಾಲದ ಕಂತು ಉಂಟು. ಬಿಡುವುದಾ?

ಉತ್ತರ (ಉಡುಪಿ):
ಅಕ್ಕ, ಕೈಗೆ ಉಳಿಯುವುದೆಷ್ಟು ನೋಡಿ. ಸಂಬಳದಲ್ಲಿ ಏಜೆನ್ಸಿ ಕಮಿಷನ್, ಹೊರಗಿನ ಊಟ, ಬಸ್ಸು ತಪ್ಪಿದ ದಿನದ ರಿಕ್ಷಾ ಬಾಡಿಗೆ ಕಳೆಯಿರಿ. ಉಳಿದದ್ದನ್ನು ಹೋಗಿಬರುವ ಹೊತ್ತೂ ಸೇರಿಸಿ ಗಂಟೆಗೆ ಭಾಗಿಸಿ. ಕಂತಿನ ಅವಧಿ ಉದ್ದ ಮಾಡ್ಲಿಕ್ಕೆ ಆಗ್ತದಾ ಅಂತ ಬ್ಯಾಂಕಿನಲ್ಲಿ ಕೇಳಿ. ಒಟ್ಟು ಬಡ್ಡಿ ಹೆಚ್ಚಾಗ್ತದೆ, ತಿಂಗಳ ಭಾರ ಇಳೀತದೆ.

ಉತ್ತರ (ಮಣಿಪಾಲ):
ಹಣಕ್ಕಿಂತ ಮೊದಲು ನಿದ್ದೆ. ಹಾಸಿಗೆ ಹುಣ್ಣು ಆಗದಂತೆ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಾದ ರೋಗಿ ಅಂದರೆ ನಿಮಗೆ ಒಂದು ಸಲವೂ ಸರಿಯಾದ ನಿದ್ದೆ ಸಿಗುವುದಿಲ್ಲ. ಏರ್ ಬೆಡ್ (ಗಾಳಿ ತುಂಬುವ ಹಾಸಿಗೆ) ಇದ್ದರೂ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ. ಮರುದಿನ ವಾರ್ಡಿನಲ್ಲಿ ಇನ್ಸುಲಿನ್ ಯೂನಿಟ್ ತಪ್ಪಿದರೆ ಹೊಣೆ ನಿಮ್ಮದೇ. ಸೊಂಟದ ವಿಷಯ: ಕಂಕುಳಿಗೆ ಕೈ ಹಾಕಿ ಎಳೆಯಲೇಬೇಡಿ, ಅಜ್ಜಿಯ ಭುಜಕ್ಕೂ ಪೆಟ್ಟು. ಬೆಡ್‌ಶೀಟ್ ಮಡಚಿ ಅಜ್ಜಿಯ ಅಡಿಗೆ ಹೆಗಲಿನಿಂದ ತೊಡೆಯವರೆಗೆ ಅಡ್ಡ ಹಾಸಿ, ಮನೆಯವರೊಬ್ಬರು ಆಚೆ, ನೀವು ಈಚೆ ಅದರ ಅಂಚು ಸುತ್ತಿ ಹಿಡಿದು, ಮಂಡಿ ಬಗ್ಗಿಸಿ ಒಟ್ಟಿಗೆ ಸರಿಸಿ. ರಾತ್ರಿ ಸಹಾಯಕ್ಕೆ ಯಾರೂ ಏಳುವುದಿಲ್ಲ ಅಂದರೆ ಬಿಡಿ ಅಂತಲೇ ನನ್ನ ಅಭಿಪ್ರಾಯ. ಕಾಲಿಗೆ ಜೋಮು ಇಳಿದರೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ.

ಉತ್ತರ (ಸುರತ್ಕಲ್):
ದಿಢೀರ್ ನಿಲ್ಲಿಸಬೇಡಿ ಮಾರಾಯ್ರೆ. ಕರಾರಿನ ನೋಟಿಸ್ ಅವಧಿ ನೋಡಿ, ಕೊನೆಯ ದಿನದ ತಾರೀಕು ಹಾಕಿ ವಾಟ್ಸಾಪಿನಲ್ಲಿ ತಿಳಿಸಿ. ಮುಂಗಡ ತಕ್ಕೊಂಡಿದ್ದರೆ ಲೆಕ್ಕ ಚುಕ್ತಾ ಮಾಡಿ, ಏಜೆನ್ಸಿಯಲ್ಲಿರುವ ಮೂಲ ಸರ್ಟಿಫಿಕೇಟ್ ವಾಪಸ್ ಪಡೆಯಿರಿ. ಹೊಸಬರಿಗೆ ಮದ್ದಿನ ಹೊತ್ತು, ಕ್ಯಾಥೆಟರ್ (ಮೂತ್ರದ ನಳಿಕೆ) ಬದಲಿಸಿದ ತಾರೀಕು, ಚರ್ಮ ಕೆಂಪಾದ ಜಾಗ ಬರೆದುಕೊಡಿ.