ಕೀಮೋಗೆ ಮುಂಚೆನೇ ಕೇಳ್ಬೇಕಾದ್ದು

ಅಕ್ಕಾ, ಪುಟ್ಟಿಗೆ ಸ್ತನದ ಗಡ್ಡೆಗೆ ಮುಂದಿನ ತಿಂಗಳಿಂದ ಕೀಮೋ, ಹೊಟ್ಟೆಗೊಂದು ಇಂಜೆಕ್ಷನ್ ಹಾಕಿಸ್ಕೊಂಡ್ರೆ ಮುಂದೆ ಮಕ್ಕಳಾಗೋಕೆ ತೊಂದ್ರೆ ಇಲ್ವಂತೆ ನಿಜಾನಾ ಅಂತ ಕೇಳಿದ್ಯಲ್ಲ, ಅದು ಅರ್ಧ ನಿಜ ಕಣಕ್ಕ.

ಅದು ಗೊಸೆರೆಲಿನ್, ನಾನೂ ತಗೊಂಡಿದ್ದೆ. ಸೂಜಿ ಸ್ವಲ್ಪ ದಪ್ಪ, ಅಕ್ಕಿಕಾಳಿನಷ್ಟು ಔಷಧಿ ಚರ್ಮದ ಕೆಳಗೆ ಇಡ್ತಾರೆ, 4 ವಾರಕ್ಕೊಂದು, ಮೊದಲನೇದು ಕೀಮೋಗೆ ಒಂದು ವಾರ ಮುಂಚೆನಾದ್ರೂ ಆಗಿರ್ಬೇಕು. ಕೀಮೋ ನಡೆಯೋವಷ್ಟು ದಿನ ಅಂಡಾಶಯನ ಮಲಗಿಸಿಡತ್ತೆ ಅಂತ ಇಟ್ಕೋ. ಮುಟ್ಟು ನಿಂತೋಗತ್ತೆ, ರಾತ್ರಿ 2 ಗಂಟೆಗೆ ಮೈಯೆಲ್ಲಾ ಕಾದು ದಿಂಬು ಒದ್ದೆ, ಫ್ಯಾನ್ ಹಾಕಿದ 5 ನಿಮಿಷಕ್ಕೆ ಚಳಿ, ಅದನ್ನ ಅವಳಿಗೆ ಮೊದಲೇ ಹೇಳಿಡು ಗಾಬರಿಯಾಗ್ತಾಳೆ. ಉಪಯೋಗ ಇಲ್ಲ ಅಂತಲ್ಲ, 2015ರಲ್ಲಿ ಬಂದ ಪೋಯಮ್ಸ್ ಅನ್ನೋ ಸ್ಟಡಿಲಿ ಬರೀ ಕೀಮೋ ತಗೊಂಡೋರಲ್ಲಿ 2 ವರ್ಷ ಆದ್ಮೇಲೆ 100ಕ್ಕೆ 22 ಜನಕ್ಕೆ ಅಂಡಾಶಯ ಕೈಕೊಟ್ಟಿತ್ತು, ಇದನ್ನೂ ತಗೊಂಡೋರಲ್ಲಿ 8. ಆದ್ರೆ ಆ 8 ಜನದಲ್ಲಿ ನಾವಿರಲ್ಲ ಅಂತ ಯಾರು ಬರ್ಕೊಡ್ತಾರೆ?

ಅದಕ್ಕೇ ಅಂಡಾಣು ಫ್ರೀಜ್ ಮಾಡ್ಸೋದು ಇಂಜೆಕ್ಷನ್ ಜೊತೆಗೆ ಆಗ್ಬೇಕು, ಇದಿದ್ರೆ ಅದು ಬೇಡ ಅಂತಲ್ಲ. ಮದ್ವೆ ಆಗಿಲ್ಲ ಅಂತ ಹಿಂಜರಿಬೇಡಿ, ಅಂಡಾಣು ತೆಗೆದಿಡೋಕೆ ಗಂಡ ಯಾಕೆ ಬೇಕು! ಸುಮಾರು 2 ವಾರ ಸಾಕು, ಮುಟ್ಟಿಗೆ ಕಾಯೋದೂ ಬೇಡ, ಈಗ ಯಾವ ದಿನ ಬೇಕಾದ್ರೂ ಶುರು ಮಾಡ್ತಾರೆ. ಗಡ್ಡೆ ಹಾರ್ಮೋನ್ ಪಾಸಿಟಿವ್, ಅಂದ್ರೆ ಹಾರ್ಮೋನಿಂದ ಬೆಳೆಯೋ ಥರದ್ದು ಆಗಿದ್ರೆ ಈಸ್ಟ್ರೋಜನ್ ಜಾಸ್ತಿ ಏರದಂಗೆ ಲೆಟ್ರೋಜೋಲ್ ಮಾತ್ರೆ ಜೊತೆಗೆ ಕೊಡ್ತಾರೆ. ಅಷ್ಟೂ ಟೈಮಿಲ್ಲ ಅಂದ್ರೆ ಅಂಡಾಶಯದ ಚೂರನ್ನೇ ಲ್ಯಾಪರೋಸ್ಕೋಪಿ ಮಾಡಿ, ಅಂದ್ರೆ ಹೊಟ್ಟೆಗೆ ಸಣ್ಣ ತೂತು ಹಾಕಿ ತೆಗೆದು ಫ್ರೀಜ್ ಮಾಡೋದೂ ಇದೆ, ಆಮೇಲೆ ವಾಪಸ್ ಕೂರಿಸ್ತಾರೆ, ಹಂಗೆ ಕೂರಿಸ್ಕೊಂಡೋರಿಗೆ ಮಗು ಆಗಿದೆ.

ನಂಗೆ ಇದ್ಯಾವ್ದನ್ನೂ ಯಾರೂ ಹೇಳ್ಲಿಲ್ಲ. ಡಾಕ್ಟ್ರು ಇಂಜೆಕ್ಷನ್ ಬರೆದ್ರು, ನಾನು ಗಡ್ಡೆ ಹೋದ್ರೆ ಸಾಕು ಅಂತ ಕೂತಿದ್ದೆ, ಕೀಮೋದ 2ನೇ ಸೈಕಲ್ಲಲ್ಲಿ ನರ್ಸ್ ಬಾಯಿಂದ ಫ್ರೀಜಿಂಗ್ ಅನ್ನೋ ಮಾತು ಬಂತು, ಅಷ್ಟೊತ್ತಿಗೆ ಸೈಕ್ಲೋಫಾಸ್ಫಮೈಡ್ ಅನ್ನೋ ಕೀಮೋ ಔಷಧಿ ಮೈಗೆ ಹೋಗಾಗಿತ್ತು, ಅಂಡಾಶಯಕ್ಕೆ ಜಾಸ್ತಿ ಏಟು ಕೊಡೋದು ಅದೇ. ನಂಗೆ ಮುಟ್ಟು ವಾಪಸ್ ಬಂತು, ಖುಷಿಪಟ್ಟೆ, ಎಎಂಎಚ್ ಅಂತ ಅಂಡಾಣು ಎಷ್ಟು ಉಳಿದಿದೆ ಅಂತ ಅಂದಾಜು ಕೊಡೋ ರಕ್ತಪರೀಕ್ಷೆ ಮಾಡ್ಸಿದ್ರೆ ತೀರಾ ಕಮ್ಮಿ. ಮುಟ್ಟು ಬಂತು ಅಂದ್ರೆ ಎಲ್ಲಾ ಸರಿಹೋಯ್ತು ಅಂತಲ್ಲ ಅಕ್ಕ. ಮುಟ್ಟು ನಿಂತ್ರೆ ಗರ್ಭ ಆಗೋದೇ ಇಲ್ಲ ಅಂತಾನೂ ಅಲ್ಲ, ಕೀಮೋ ಟೈಮಲ್ಲಿ ಗರ್ಭ ಆಗ್ಬಾರ್ದು, ಇದನ್ನ ಅವಳ ಹತ್ರ ನಾನೇ ಮಾತಾಡ್ತೀನಿ ನೀನು ಮುಜುಗರ ಪಟ್ಕೋಬೇಡ.

ನಾಳೆನೇ ಡಾಕ್ಟ್ರಿಗೆ ಫೋನ್ ಮಾಡಿ ಫರ್ಟಿಲಿಟಿ ಡಾಕ್ಟ್ರ ಹತ್ರ ಕಳ್ಸಿ ಅಂತ ಕೇಳು, ಮುಂದಿನ ವಿಸಿಟ್ ತನಕ ಕಾಯ್ಬೇಡ. ಮಗು ಬೇಕೋ ಬೇಡ್ವೋ ಅನ್ನೋದನ್ನ ಪುಟ್ಟಿನೇ ಹೇಳ್ಲಿ, ರಾತ್ರಿ ನಂಗೆ ಕಾಲ್ ಮಾಡೋಕೆ ಹೇಳು, ಗ್ರೂಪಲ್ಲಿ ಬೇಡ.