ಸಹಾಯ ಬೇಕು: ಕೇಸ್ ಗೆದ್ದೆವು, ಖರ್ಚು ವಸೂಲಿ ಹೇಗೆ?

ನಮಸ್ಕಾರ್ರಿ ಎಲ್ಲರಿಗೂ. ಆಳಂದ ಕಡೆ ನಮ್ಮ ತೊಗರಿ ಹೊಲದ ಬದುವಿನ ದಾವೆ ಕೊನೆಗೂ ನಮ್ಮ ಪರ ಡಿಕ್ರಿ ಆಗಿದೆ, ‘ಖರ್ಚು ಸಹಿತ’ ಅಂತಾನೂ ಬರೆದಿದ್ದಾರೆ. ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 35ನೇ ಕಲಂ ಪ್ರಕಾರ ಸಾಮಾನ್ಯವಾಗಿ ಸೋತವರೇ ಕೊಡಬೇಕು ಅಲ್ವಾ? ಡಿಕ್ರಿಯ ಕೊನೆಯ ಪಟ್ಟಿಯಲ್ಲಿ ಕೋರ್ಟ್ ಫೀ, ಸಮನ್ಸ್ ಖರ್ಚು, ವಕೀಲರ ಫೀ ಅಂತ ಒಂದಿಷ್ಟು ಹಾಕಿದ್ದಾರೆ, ಆದರೆ ನಾವು ನಿಜವಾಗಿ ಕೊಟ್ಟಿದ್ದಕ್ಕೆ ಅದು ಏನೇನೂ ಸಾಲದು. ಸುಳ್ಳು ತಕರಾರು ತೆಗೆದವರಿಗೆ ಹಾಕುವ 35ಎ ಪರಿಹಾರವೂ 3,000 ರೂಪಾಯಿ ದಾಟಲ್ಲ, ಅದನ್ನ ಯಾವ ಕಾಲದಲ್ಲಿ ಬರೆದರೋ! ಎದುರಿನವರು ‘ನೋಡೋಣ’ ಅಂತ ಸುಮ್ನೆ ದಿನ ತಳ್ಳುತ್ತಿದ್ದಾರೆ. ಡಿಕ್ರಿಯನ್ನ ಕೋರ್ಟ್ ಮೂಲಕ ಜಾರಿ ಮಾಡಿಸುವ ಅಮಲ್ಜಾರಿ ಅರ್ಜಿಗೆ 12 ವರ್ಷ ಟೈಮ್ ಇದೆ, ಸರಿ. ಆದರೆ ಇಷ್ಟು ಸಣ್ಣ ಮೊತ್ತಕ್ಕೆ ಮತ್ತೆ ವಕೀಲರಿಗೆ ಫೀ ಕೊಟ್ಟು ಹೋಗಬೇಕಾ, ನೋಟಿಸ್‌ಗೇ ದುಡ್ಡು ಬರುತ್ತಾ? ಕಲಬುರಗಿ ಕೋರ್ಟಿನಲ್ಲಿ ವಸೂಲಿ ಮಾಡಿದವರಿದ್ದರೆ ಹೇಳ್ರಿ.