ಓಡುತ್ತಿರುವ ಪ್ರೋಗ್ರಾಂ ನಿಲ್ಲಿಸದೆ ಬೇರೆ ಮಷೀನಿಗೆ ದಾಟಿಸಿದವರು ಇದ್ದೀರಾ?

ಪ್ರಶ್ನೆ, ಶಿವಮೊಗ್ಗದಿಂದ:
ಕಾಲೇಜು ಲ್ಯಾಬಿನಲ್ಲಿ ತುಂಗಾ ಹೊಳೆಯ ಹರಿವಿನ ಸಿಮ್ಯುಲೇಶನ್ ಓಡಿಸುತ್ತಿದ್ದೇವೆ. ಮುಗಿಯಲು ದಿನಗಟ್ಟಲೆ ಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೇಗೆ ಅಂತ ಗೊತ್ತಲ್ಲ. ಯುಪಿಎಸ್ 10 ನಿಮಿಷ ಎಳೆಯುತ್ತದೆ, ಅಷ್ಟೇ. ಅಷ್ಟರೊಳಗೆ ಜನರೇಟರ್ ಇರುವ ಪಕ್ಕದ ಕಟ್ಟಡದ ಮಷೀನಿಗೆ ದಾಟಿಸಲು ಆಗುತ್ತದಾ? ಎರಡೂ ಕಡೆ ಲಿನಕ್ಸ್. ಮಾಡಿ ನೋಡಿದವರು ದಯವಿಟ್ಟು ಹೇಳಿ.

ಸಾಗರದಿಂದ:
ಆಗುತ್ತದೆ ಸರ್. ಪ್ರೋಗ್ರಾಂ ಅನ್ನು ಲಿನಕ್ಸ್‌ನಲ್ಲೇ ಇರುವ ಕೆವಿಎಂ ಬಳಸಿ ವರ್ಚುವಲ್ ಮಷೀನಿನೊಳಗೆ (ವಿಎಂ, ಅಂದರೆ ಕಂಪ್ಯೂಟರಿನೊಳಗೊಂದು ಸಾಫ್ಟ್‌ವೇರ್ ಕಂಪ್ಯೂಟರ್) ಓಡಿಸಿ, ಆ ವಿಎಂ ಅನ್ನೇ ಲೈವ್ ಮೈಗ್ರೇಷನ್ ಮಾಡಿ. ಪ್ರೋಗ್ರಾಂ ಓಡುತ್ತಿರುವಾಗಲೇ ಮೆಮೊರಿ ಆಚೆಗೆ ಕಾಪಿ ಆಗುತ್ತದೆ. ಅಷ್ಟರಲ್ಲಿ ಬದಲಾದ ಪೇಜುಗಳು (ಮೆಮೊರಿಯ ತುಂಡುಗಳು) ಮತ್ತೆ ಹೋಗುತ್ತವೆ. ಸ್ವಲ್ಪವೇ ಬಾಕಿ ಉಳಿದಾಗ ಈ ಕಡೆ ನಿಂತು ಆ ಕಡೆ ಶುರುವಾಗುತ್ತದೆ. ಕ್ಸೆನ್ ಎಂಬ ಇಂಥದೇ ವಿಎಂ ಸಾಫ್ಟ್‌ವೇರಿನ ತಂಡ 2005ರಲ್ಲೇ ಕ್ವೇಕ್ 3 ಗೇಮ್ ಸರ್ವರನ್ನು ಹೀಗೆ ದಾಟಿಸಿ ತೋರಿಸಿತ್ತು. ಆಟ ನಿಂತದ್ದು ಸುಮಾರು 60 ಮಿಲಿಸೆಕೆಂಡ್.

ಆದರೆ ನಿಮ್ಮದು ಸಿಮ್ಯುಲೇಶನ್. ಪ್ರತಿ ಸುತ್ತಿಗೂ ದೊಡ್ಡ ದೊಡ್ಡ ಅರೇಗಳನ್ನೇ (ಸಂಖ್ಯೆಗಳ ಸಾಲುಗಳನ್ನೇ) ತಿದ್ದುತ್ತದೆ. ಹಾಗಾಗಿ ಮೊದಲು ನೆಟ್‌ವರ್ಕ್ ಸ್ವಿಚ್ ನೋಡಿ. ಹಳೇ 100 ಎಂಬಿಪಿಎಸ್ ಸ್ವಿಚ್ ಆದರೆ 8 ಜಿಬಿ ಮೆಮೊರಿ ಒಂದು ಸಲ ದಾಟಲೇ ಹತ್ತಿರ ಹತ್ತಿರ 12 ನಿಮಿಷ ಬೇಕು. ಯುಪಿಎಸ್ ಅಷ್ಟು ಹೊತ್ತು ತಡೆಯುವುದಿಲ್ಲ. ಗಿಗಾಬಿಟ್ ಆದರೆ ಒಂದೂಕಾಲು ನಿಮಿಷ. ಆಗಲೂ ಬದಲಾಗುವ ಪೇಜುಗಳದ್ದೇ ಕೈ ಮೇಲಾದರೆ ಆಟೋ-ಕನ್ವರ್ಜ್ ಹಾಕಿ. ಅದು ವಿಎಂನ ವೇಗ ತಗ್ಗಿಸಿ ಕಾಪಿ ಮುಗಿಸುತ್ತದೆ. ಎರಡು ಮಷೀನಿನ ಸಿಪಿಯು ಬೇರೆ ಬೇರೆ ಆದರೆ ಹೋಸ್ಟ್-ಪಾಸ್‌ಥ್ರೂ (ಮಷೀನಿನ ಸಿಪಿಯುವನ್ನು ಹಾಗೇ ವಿಎಂಗೆ ತೋರಿಸುವುದು) ಬೇಡ, ಎರಡಕ್ಕೂ ಹೊಂದುವ ಮಾಡೆಲ್ ಆರಿಸಿ.

ಇನ್ನೊಂದು ವಿಷಯ, ಇದು ಬಹಳ ಮುಖ್ಯ. ವಿಎಂನ ಡಿಸ್ಕ್ ಎಲ್ಲಿದೆ? ಎನ್‌ಎಫ್‌ಎಸ್ ಸರ್ವರ್ (ನೆಟ್‌ವರ್ಕ್ ಮೂಲಕ ಎರಡೂ ಮಷೀನಿಗೆ ಡಿಸ್ಕ್ ಹಂಚುವುದು) ನಿಮ್ಮ ಲ್ಯಾಬಿನಲ್ಲೇ ಇದ್ದರೆ ಪ್ರೋಗ್ರಾಂ ಆಚೆ ಹೋಗಿಯೂ ಪ್ರಯೋಜನ ಇಲ್ಲ. ಯುಪಿಎಸ್ ಕೈಕೊಟ್ಟ ಕೂಡಲೇ ಡಿಸ್ಕೂ ಹೋಯಿತು. ಅದನ್ನು ಜನರೇಟರ್ ಕಡೆ ಇಡಿ. ನಡುವಿನ ಸ್ವಿಚ್ಚಿಗೂ ಯುಪಿಎಸ್ ಬೇಕು.

ತೀರ್ಥಹಳ್ಳಿಯಿಂದ:
ಇಡೀ ವಿಎಂ ಭಾರ ಅನ್ನಿಸಿದರೆ ಸಿಆರ್‌ಐಯು ಇದೆ, ಓಡುತ್ತಿರುವ ಪ್ರೋಗ್ರಾಂನ ಸ್ಥಿತಿಯನ್ನು ಫೈಲಿಗೆ ಉಳಿಸಿ (ಇದೇ ಚೆಕ್‌ಪಾಯಿಂಟ್) ಮತ್ತೆ ಎಬ್ಬಿಸುವ ಲಿನಕ್ಸ್ ಸಾಧನ. ನಾನು ಪಾಡ್‌ಮ್ಯಾನ್ ಕಂಟೇನರ್ (ಪ್ರೋಗ್ರಾಂ ಅನ್ನು ಅದರ ಫೈಲುಗಳ ಸಮೇತ ಬೇರೆಯಾಗಿ ಇಡುವ ಡಬ್ಬ) ಜೊತೆ ಬಳಸುತ್ತೇನೆ. ಇಲ್ಲಿ ಚೆಕ್‌ಪಾಯಿಂಟ್ ಮಾಡಿ ಎಕ್ಸ್‌ಪೋರ್ಟ್, ಅಲ್ಲಿ ರಿಸ್ಟೋರ್. ಪ್ರೋಗ್ರಾಂ ಮತ್ತೆ ಏಳುವಾಗ ಅದೇ ಪ್ರೋಸೆಸ್ ಐಡಿ ಕೇಳುತ್ತದೆ, ಅದೇ ಪಾತ್‌ನಲ್ಲಿ ಅದೇ ಫೈಲುಗಳನ್ನು ಹುಡುಕುತ್ತದೆ. ಸುಮ್ನೆ ಪ್ರೋಸೆಸ್ ಒಂದನ್ನೇ ಒಯ್ದರೆ ಆ ಐಡಿ ಅಲ್ಲಿ ಬೇರೆ ಯಾವುದಕ್ಕೋ ಹೋಗಿರಬಹುದು. ಕಂಟೇನರಿನೊಳಗೆ ಆ ತಾಪತ್ರಯ ಇಲ್ಲ. ತೆರೆದ ಟಿಸಿಪಿ ಕನೆಕ್ಷನ್ ಉಳಿಯಬೇಕಾದರೆ ಐಪಿ ವಿಳಾಸವೂ ಜೊತೆಗೇ ಬರಬೇಕು.

ಕೊಪ್ಪದಿಂದ:
ಮಾರಾಯ್ರೇ, ಕೋಡ್ ನಿಮ್ಮದೇ ಅಲ್ವಾ? ಹಾಗಾದರೆ ಕೋಡಿನೊಳಗೇ ಚೆಕ್‌ಪಾಯಿಂಟ್ ಬರೆಯಿರಿ. ಅರ್ಧ ಗಂಟೆಗೊಮ್ಮೆ ಅರೇಗಳು, ಎಷ್ಟನೇ ಸುತ್ತು, ರ‍್ಯಾಂಡಮ್ ಸಂಖ್ಯೆ ಹುಟ್ಟಿಸುವ ಕೋಡಿನ ಸ್ಥಿತಿ, ಇಷ್ಟು ಫೈಲಿಗೆ ಹೋಗಲಿ. ಮೊದಲು ಬೇರೆ ಹೆಸರಿನಲ್ಲಿ ಬರೆದು, ಎಫ್‌ಸಿಂಕ್ ಮಾಡಿ (ಬರೆದದ್ದು ನಿಜವಾಗಿ ಡಿಸ್ಕಿಗೆ ಬೀಳಲಿ ಅಂತ), ಆಮೇಲೆ ರಿನೇಮ್. ಬರೆಯುವ ಮಧ್ಯೆ ಕರೆಂಟ್ ಹೋದರೂ ಹಿಂದಿನ ಫೈಲ್ ಹಾಗೇ ಇರುತ್ತದೆ. ಯಾವ ಮಷೀನಿನಲ್ಲಿ ಬೇಕಾದರೂ ಅಲ್ಲಿಂದ ಮುಂದುವರಿಸಬಹುದು, ಸಿಪಿಯು ಮಾಡೆಲ್ ತಲೆನೋವೂ ಇಲ್ಲ. ಸಾಗರದವರು ಹೇಳಿದ ಲೈವ್ ಮೈಗ್ರೇಷನ್ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ದಾಟುವ ಮಧ್ಯೆಯೇ ಯುಪಿಎಸ್ ಆರಿದರೆ ಈ ಫೈಲ್ ಒಂದೇ ಕೈಗೆ ಸಿಗುವುದು. ಅದೂ ಜನರೇಟರ್ ಕಡೆಯ ಡಿಸ್ಕಿನಲ್ಲೇ ಬೀಳಲಿ.